ಕೊಬ್ಬಿನ ಹುಕುಂ, ಕ್ಷಯದ ಹುನ್ನಾರ

ಕ್ಷಯದ ಬ್ಯಾಕ್ಟೀರಿಯಾ ಮನುಷ್ಯನ ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಅಡಗಿ ಕೂರುತ್ತದೆ. ಆಗ ಅದು ಏನು ತಿಂದು ಬದುಕುತ್ತದೆ? ಮುಖ್ಯವಾಗಿ ಕೊಬ್ಬು. ಆ ಕೊಬ್ಬು ಸಿಗುವ ಜಾಗವೇ ವಿಚಿತ್ರ. ಅದನ್ನು ನುಂಗಿ ಕೊಲ್ಲಲೆಂದು ಬಂದ ರಕ್ಷಣಾ ಕೋಶದ ಒಡಲಲ್ಲೇ ಅದಕ್ಕೆ ಊಟ. ಕೊಲ್ಲಬೇಕಾದವನು ಕೊಲ್ಲುವುದನ್ನು ಬಿಟ್ಟು ಎಣ್ಣೆಯ ಹನಿಗಳನ್ನು ತುಂಬಿಕೊಂಡು ಕೂರುತ್ತಾನೆ, ಕ್ರಿಮಿ ಅದನ್ನು ಮೇಯುತ್ತದೆ. ಸೂಕ್ಷ್ಮದರ್ಶಕದಡಿ ಈ ಕೋಶಗಳು ನೊರೆ ತುಂಬಿದಂತೆ ಕಾಣುವುದರಿಂದ ವಿಜ್ಞಾನಿಗಳು ಇವನ್ನು ನೊರೆಕೋಶ ಎನ್ನುತ್ತಾರೆ.

ಬೀದರ್ ಜಿಲ್ಲೆಯಲ್ಲಿ ಟಿಬಿ ಗೊತ್ತಿಲ್ಲದ ಓಣಿ ಇಲ್ಲ. ಶುಗರ್ ಇಲ್ಲದ ಓಣಿಯೂ ಈಗ ಇಲ್ಲ. ಭಾಲ್ಕಿಯ ಬಸ್ ನಿಲ್ದಾಣದಲ್ಲೋ ಔರಾದಿನ ಸಂತೆಯಲ್ಲೋ ಯಾರನ್ನಾದರೂ ಮಾತಿಗೆಳೆದರೆ, ಟಿಬಿ ಬಡವರ ಬೇನೆ, ಶುಗರ್ ಕೂತು ಉಣ್ಣುವವರ ಬೇನೆ ಎಂಬ ಮಾತು ಬಂದೇ ಬರುತ್ತದೆ. ಆ ವಿಂಗಡಣೆ ಹಳೆಯದಾಯಿತು. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯ ತಗಲುವ ಅಪಾಯ ಉಳಿದವರಿಗಿಂತ ಎರಡರಿಂದ ಮೂರು ಪಟ್ಟು ಹೆಚ್ಚು. ಹೈದರಾಬಾದ್, ಪುಣೆ, ಮುಂಬೈಗಳಿಗೆ ದುಡಿಯಲು ಹೋಗಿ ಹಬ್ಬಕ್ಕೆ ಊರಿಗೆ ಮರಳುವ ಔರಾದ್ ಸೀಮೆಯ ಮನೆಗಳಲ್ಲಿ ಎರಡೂ ಬೇನೆ ಒಂದೇ ಸೂರಿನಡಿ, ಕೆಲವೊಮ್ಮೆ ಒಂದೇ ಮೈಯಲ್ಲಿ ಸಿಗುತ್ತವೆ. ಇವೆರಡೂ ಒಂದನ್ನೊಂದು ಸಂಧಿಸುವ ಜಾಗ ಯಾವುದೆಂದು ಹುಡುಕುತ್ತ ಹೋದರೆ ನಾವು ತಲುಪುವುದು ಜೀವಕೋಶದ ನಡುವಿನ ಕೇಂದ್ರವನ್ನು. ಅಲ್ಲಿ ನ್ಯೂಕ್ಲಿಯರ್ ರಿಸೆಪ್ಟರ್‌ ಎಂಬ ಪ್ರೋಟೀನುಗಳಿವೆ. ಕನ್ನಡದಲ್ಲಿ ಕೇಂದ್ರಗ್ರಾಹಿ ಎನ್ನಬಹುದು. ಇಲ್ಲಿ ಬರೀ ಗ್ರಾಹಿ ಎನ್ನುತ್ತೇನೆ.

ನಮ್ಮ ದೇಹದ ಬಹುತೇಕ ಸಂದೇಶಗಳು ಕೋಶದ ಹೊರಮೈಗೆ ಬಂದು ತಟ್ಟುತ್ತವೆ, ಒಳಗೆ ಬರಲಾರವು. ಕೊಬ್ಬಿನ ಜಾತಿಯ ಅಣುಗಳ ರೀತಿ ಬೇರೆ. ಕೋಶದ ಪೊರೆಯೇ ಕೊಬ್ಬಿನದಾದ್ದರಿಂದ ಅವು ಸಲೀಸಾಗಿ ಒಳನುಗ್ಗಿ ಡಿಎನ್‌ಎಯ ಹತ್ತಿರದವರೆಗೂ ಹೋಗುತ್ತವೆ. ಅಲ್ಲಿ ಕಾದಿರುವ ಗ್ರಾಹಿ ಆ ಅಣುವನ್ನು ತನ್ನ ಮಡಿಲಿಗೆ ಸೇರಿಸಿಕೊಂಡ ಕೂಡಲೇ ಆಕಾರ ಬದಲಿಸಿ, ಇಂತಿಂಥ ಜೀನ್ ತೆರೆಯಲಿ, ಇಂತಿಂಥದು ಮುಚ್ಚಲಿ ಎಂದು ಹುಕುಂ ಹೊರಡಿಸುತ್ತದೆ. ಉಗ್ರಾಣದ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಅತ್ತೆ, ಹೊಲದಿಂದ ಇವತ್ತು ಏನು ಬಂದಿದೆ ಎಂದು ನೋಡಿ, ಮನೆಯಲ್ಲಿ ಏನು ಬೇಯಬೇಕು, ಯಾವುದನ್ನು ಕಣಜಕ್ಕೆ ಸುರಿಯಬೇಕು ಎಂದು ಹೇಳುವ ಹಾಗೆ. ಮನುಷ್ಯರಲ್ಲಿ ಇಂಥ ಗ್ರಾಹಿಗಳು 48. ಕಾರ್ಟಿಸೋಲ್, ಈಸ್ಟ್ರೋಜನ್, ಥೈರಾಯ್ಡ್ ಹಾರ್ಮೋನುಗಳಿಗೆ ಒಂದಿಷ್ಟು, ಎ ಮತ್ತು ಡಿ ವಿಟಮಿನ್ನುಗಳಿಗೆ ಒಂದಿಷ್ಟು. ಇನ್ನು ಕೆಲವು ನಾವು ಉಂಡ ಎಣ್ಣೆ, ತುಪ್ಪ, ದೇಹವೇ ತಯಾರಿಸುವ ಕೊಲೆಸ್ಟ್ರಾಲ್, ಪಿತ್ತರಸ ಇವುಗಳ ಮಟ್ಟವನ್ನು ಅಳೆಯುತ್ತ ಕೂರುತ್ತವೆ.

ಈ ಕುಟುಂಬದ ಗುಟ್ಟು ಬಿಡಿಸಿದ ಎಲ್ವುಡ್ ಜೆನ್ಸನ್, ಪಿಯರ್ ಶಾಂಬೋ, ರೊನಾಲ್ಡ್ ಇವಾನ್ಸ್ ಮೂವರಿಗೆ 2004ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಇವಾನ್ಸ್ ತಂಡ ಮನುಷ್ಯರ ಕಾರ್ಟಿಸೋಲ್ ಗ್ರಾಹಿಯ ಜೀನನ್ನು 1985ರಲ್ಲಿ ಬೇರ್ಪಡಿಸಿತ್ತು. 1990ರಲ್ಲಿ ಇಸಾಬೆಲ್ ಇಸ್ಸೆಮನ್ ಮತ್ತು ಸ್ಟೀಫನ್ ಗ್ರೀನ್ ಕೊಬ್ಬಿನ ಚಯಾಪಚಯಕ್ಕೆ ಸೇರಿದ ಹೊಸದೊಂದು ಗ್ರಾಹಿಯನ್ನು ಪತ್ತೆ ಮಾಡಿದರು. ಅದೇ ಪಿಪಾರ್. ಅದರಲ್ಲಿ ಮೂರು ಬಗೆ: ಯಕೃತ್ತಿನಲ್ಲಿ ಕೊಬ್ಬು ಉರಿಸುವ ಆಲ್ಫಾ, ಮೈತುಂಬ ಕೆಲಸ ಮಾಡುವ ಡೆಲ್ಟಾ, ಕೊಬ್ಬು ಕೂಡಿಡುವ ಗ್ಯಾಮಾ. ನಮ್ಮ ಕಥೆಗೆ ಬೇಕಾದದ್ದು ಗ್ಯಾಮಾ. ಅದರ ಜೊತೆಗೆ 1996ರಲ್ಲಿ ಆಕ್ಸಿಸ್ಟೆರಾಲ್ ಎಂಬ ಕೊಲೆಸ್ಟ್ರಾಲ್ ರೂಪಗಳಿಗೆ ಓಗೊಡುತ್ತದೆಂದು ತಿಳಿದ ಎಲ್‌ಎಕ್ಸ್‌ಆರ್, ಮತ್ತು 1998ರಲ್ಲಿ ಕಂಡುಬಂದ ಪಿಎಕ್ಸ್‌ಆರ್. ಈ ಮೂರು ಹೆಸರು ನೆನಪಿಟ್ಟರೆ ಸಾಕು.

ಪಿಪಾರ್-ಗ್ಯಾಮಾ ಇರುವುದು ಸೊಂಟದ ಕೊಬ್ಬು ಬೆಳೆಸಲಿಕ್ಕೆ ಎಂದೇ ಎಲ್ಲರೂ ತಿಳಿದಿದ್ದರು. 1998ರಲ್ಲಿ ಒಂದರ ಹಿಂದೊಂದು ಬಂದ ಪ್ರಬಂಧಗಳು ಆ ಎಣಿಕೆ ಕೆಡಿಸಿದವು. ಈ ಗ್ರಾಹಿ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶದಲ್ಲೂ ಇದೆ, ಇದನ್ನು ಚುರುಕುಗೊಳಿಸಿದರೆ ಆ ಕೋಶ ಉರಿಯೂತದ ರಾಸಾಯನಿಕಗಳನ್ನು ಸುರಿಸುವುದು ತಗ್ಗುತ್ತದೆ ಎಂದು ಕ್ರಿಸ್ಟೋಫರ್ ಗ್ಲಾಸ್ ಅವರ ತಂಡ ತೋರಿಸಿತು. ಅದೇ ವರ್ಷ ಪೀಟರ್ ಟೊಂಟೊನೋಜ್, ಲಾಸ್ಲೊ ನಾಜ್, ಇವಾನ್ಸ್ ಇನ್ನೊಂದು ಮುಖ ತೋರಿಸಿದರು: ಇದೇ ಗ್ರಾಹಿ ಎದ್ದಾಗ ಮ್ಯಾಕ್ರೋಫೇಜಿನ ಮೈಮೇಲೆ ಸಿಡಿ36 ಎಂಬ ಪ್ರೋಟೀನು ಹೆಚ್ಚಿ, ಕೆಟ್ಟ ಕೊಲೆಸ್ಟ್ರಾಲ್ ಕಣಗಳನ್ನು ಕೋಶ ಒಳಗೆಳೆದುಕೊಳ್ಳುತ್ತದೆ. ಕೊಬ್ಬು ಒಳಗೆ ಬಂದಷ್ಟೂ ಆಕ್ಸಿಸ್ಟೆರಾಲ್ ಹುಟ್ಟುತ್ತದೆ, ಅದು ಎಲ್‌ಎಕ್ಸ್‌ಆರ್ ಅನ್ನು ಎಬ್ಬಿಸುತ್ತದೆ, ಎಲ್‌ಎಕ್ಸ್‌ಆರ್ ಎಬಿಸಿಎ1 ಎಂಬ ಪಂಪನ್ನು ಹೂಡಿ ಹೆಚ್ಚಾದ ಕೊಲೆಸ್ಟ್ರಾಲನ್ನು ಹೊರಗೆ ಸಾಗಿಸುತ್ತದೆ. ಹೀಗೆ ಒಂದು ಒಳಗೆ ತರುತ್ತದೆ, ಇನ್ನೊಂದು ಹೊರಗೆ ಕಳಿಸುತ್ತದೆ. ಎರಡೂ ತಮ್ಮ ತಮ್ಮ ರೀತಿಯಲ್ಲಿ ಉರಿಯೂತವನ್ನು ತಣ್ಣಗಿಡುತ್ತವೆ.

ತಣ್ಣಗಿಡುವುದು ಏಕೆ ಬೇಕು? ಗಾಯವಾದಾಗ, ಸೋಂಕು ತಗುಲಿದಾಗ ಮ್ಯಾಕ್ರೋಫೇಜ್ ಮೊದಲು ಬೆಂಕಿ ಹಚ್ಚುತ್ತದೆ. ಆ ಬೆಂಕಿ ಆರದಿದ್ದರೆ ಕ್ರಿಮಿಯ ಜೊತೆಗೆ ನಮ್ಮ ಅಂಗಾಂಶವೂ ಸುಡುತ್ತದೆ. ಹಾಗಾಗಿ ಕೆಲಸ ಮುಗಿದ ಮೇಲೆ ಸತ್ತ ಕೋಶಗಳನ್ನು ನುಂಗಿ ಜಾಗ ಹಸನು ಮಾಡುವುದೂ ಅದರದೇ ಹೊಣೆ. ಸತ್ತ ಕೋಶವನ್ನು ನುಂಗಿದಾಗ ಅದರ ಕೊಲೆಸ್ಟ್ರಾಲೆಲ್ಲ ಹೊಟ್ಟೆಯೊಳಗೆ ಬರುತ್ತದಲ್ಲ, ಅದೇ ಎಲ್‌ಎಕ್ಸ್‌ಆರ್‌ಗೆ ಸುದ್ದಿ ಮುಟ್ಟಿಸುತ್ತದೆ: ಯುದ್ಧ ಮುಗಿಯುತ್ತಿದೆ, ಇನ್ನು ರಿಪೇರಿ ಶುರು ಮಾಡು. ನುಂಗುವ ಶಕ್ತಿಯನ್ನೇ ಹೆಚ್ಚಿಸುವ ಜೀನನ್ನು ಅದು ತೆರೆಯುತ್ತದೆಂದು 2009ರ ಒಂದು ಅಧ್ಯಯನ ಹೇಳಿತು. ಟಿ ಕೋಶಗಳಲ್ಲೂ ಎಲ್‌ಎಕ್ಸ್‌ಆರ್‌ಗೆ ಪಾತ್ರವಿದೆ. ಕೋಶ ಇಬ್ಭಾಗವಾಗಲು ಪೊರೆಗೆ ಕೊಲೆಸ್ಟ್ರಾಲ್ ಬೇಕು. ಅದನ್ನು ಹೊರಗೆ ಸಾಗಿಸುವ ಎಲ್‌ಎಕ್ಸ್‌ಆರ್ ಎದ್ದಿದ್ದರೆ ಟಿ ಕೋಶಗಳ ಸೈನ್ಯ ಬೆಳೆಯುವುದಿಲ್ಲ. ಅಂದರೆ ಕೊಬ್ಬಿನ ಲೆಕ್ಕ ಮತ್ತು ರೋಗನಿರೋಧದ ಲೆಕ್ಕ ಎರಡನ್ನೂ ಬರೆಯುವ ಕೈ ಒಂದೇ.

ಈ ಕೈಯನ್ನೇ ಕ್ಷಯದ ಕ್ರಿಮಿ ಹಿಡಿದು ತಿರುಚುತ್ತದೆ.

2008ರಲ್ಲಿ ಎರಡು ಸಂಶೋಧನೆಗಳು ಬಂದವು. ಕ್ಷಯದ ಬ್ಯಾಕ್ಟೀರಿಯಾಕ್ಕೆ ನಮ್ಮ ಕೊಲೆಸ್ಟ್ರಾಲನ್ನು ಹೀರಿಕೊಳ್ಳುವ ಪ್ರತ್ಯೇಕ ಏರ್ಪಾಡೇ ಇದೆ, ಅದನ್ನು ಕಿತ್ತುಹಾಕಿದರೆ ದೀರ್ಘಕಾಲ ಉಳಿಯಲು ಅದು ತಿಣುಕಾಡುತ್ತದೆ ಎಂದು ಒಂದು ಹೇಳಿತು. ಕ್ಷಯದ ಗಂಟುಗಳೊಳಗಿನ ನೊರೆಕೋಶಗಳಲ್ಲಿ ಕ್ರಿಮಿ ಎಣ್ಣೆಹನಿಗಳಿಗೆ ಅಂಟಿಕೊಂಡೇ ಮಲಗಿರುತ್ತದೆ ಎಂದು ಇನ್ನೊಂದು. ಹಾಗಾದರೆ ಮ್ಯಾಕ್ರೋಫೇಜನ್ನು ನೊರೆಕೋಶ ಮಾಡುವವರು ಯಾರು? ಇಲ್ಲಿ ಭಾರತದ ಪ್ರಯೋಗಾಲಯಗಳ ಕೆಲಸ ಜಗತ್ತಿನ ಮುಂಚೂಣಿಯಲ್ಲಿದೆ. ಚಂಡೀಗಡದ ಸೂಕ್ಷ್ಮಜೀವಿ ತಂತ್ರಜ್ಞಾನ ಸಂಸ್ಥೆಯ ತಂಡ 2012ರಲ್ಲಿ ಹೇಳಿದ್ದು ಇದು: ಕ್ಷಯದ ಕ್ರಿಮಿ ಒಳಹೊಕ್ಕ ಮೇಲೆ ಮ್ಯಾಕ್ರೋಫೇಜಿನಲ್ಲಿ ಪಿಪಾರ್-ಗ್ಯಾಮಾ ಮತ್ತು ಟಿಆರ್4 ಎಂಬ ಇನ್ನೊಂದು ಗ್ರಾಹಿ ಎರಡೂ ಹೆಚ್ಚುತ್ತವೆ, ಕೊಬ್ಬು ಒಳಬರುತ್ತದೆ, ಉರಿಯೂತ ತಣ್ಣಗಾಗುತ್ತದೆ, ಕ್ರಿಮಿ ಉಳಿಯುತ್ತದೆ, ಆ ಗ್ರಾಹಿಗಳ ಬಾಯಿ ಕಟ್ಟಿದರೆ ಕ್ರಿಮಿಗೆ ಉಳಿಗಾಲ ಕಮ್ಮಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಎನ್. ಬಾಲಾಜಿ ಅವರ ಪ್ರಯೋಗಾಲಯ ಇನ್ನೂ ಒಂದು ಮೆಟ್ಟಿಲು ಒಳಗೆ ಇಳಿಯಿತು. 2011ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದ ಬಾಲಾಜಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳ ಮೇಲೆ ಕೆಲವು ಜೀನುಗಳನ್ನು ಮುಚ್ಚಿಡುವ ಗುರುತುಗಳಿರುತ್ತವೆ. ಕ್ಷಯದ ಸೋಂಕು ತಗುಲಿದಾಗ ಜೆಎಂಜೆಡಿ3 ಎಂಬ ಕಿಣ್ವ ಆ ಗುರುತುಗಳನ್ನು ಅಳಿಸುತ್ತದೆ. ಆಗ ಮುಚ್ಚಿದ್ದ ಜೀನುಗಳು ತೆರೆದು ಕೋಶದಲ್ಲಿ ಕೊಬ್ಬು ಕೂಡಿಕೊಳ್ಳುತ್ತದೆ, ಕೋಶದ ಮನೋಭಾವವೂ ಕಾದಾಟದಿಂದ ರಿಪೇರಿಯ ಕಡೆಗೆ ಹೊರಳುತ್ತದೆ. ಸಾಮಾನ್ಯ ಕ್ಷಯದ ತಳಿಯಲ್ಲಷ್ಟೇ ಅಲ್ಲದೆ ಹಲವು ಔಷಧಗಳಿಗೆ ಬಗ್ಗದ ತಳಿಯಲ್ಲೂ ಅವರು ಇದನ್ನು ಕಂಡರು. ಯುದ್ಧ ಮುಗಿಯಿತೆಂಬ ಸುಳ್ಳು ಸುದ್ದಿಯನ್ನು ಕ್ರಿಮಿಯೇ ಹಬ್ಬಿಸುತ್ತದೆ ಎಂದು ಇದನ್ನು ನಾನು ಓದಿಕೊಂಡಿದ್ದೇನೆ.

ಎಲ್‌ಎಕ್ಸ್‌ಆರ್ ಪಕ್ಷ ಮಾತ್ರ ಬೇರೆ. ಬೆಲ್ಜಿಯಂನ ಸಂಶೋಧಕರು 2009ರಲ್ಲಿ ಈ ಗ್ರಾಹಿಯೇ ಇಲ್ಲದ ಇಲಿಗಳಿಗೆ ಕ್ಷಯ ತಗುಲಿಸಿ ನೋಡಿದರು. ಅವು ಬೇಗ ಸೋತವು. ಸಾಮಾನ್ಯ ಇಲಿಗಳಲ್ಲಿ ಇದನ್ನು ಔಷಧದಿಂದ ಚುರುಕುಗೊಳಿಸಿದಾಗ ಕ್ರಿಮಿಗಳ ಸಂಖ್ಯೆ ಇಳಿಯಿತು. ಕೊಬ್ಬನ್ನು ಹೊರಗೆ ಸಾಗಿಸುವ ಗ್ರಾಹಿ ನಮ್ಮ ಕಡೆ, ಒಳಗೆ ತುಂಬುವ ಗ್ರಾಹಿ ಕ್ರಿಮಿಯ ಕಡೆ ಎಂದು ಇಷ್ಟರ ಮೇಲೆ ಗೆರೆ ಎಳೆದುಬಿಡುವ ಆಸೆಯಾಗುತ್ತದೆ. ಎಳೆಯಬಾರದು. ಇಲಿಯ ಶ್ವಾಸಕೋಶ ಔರಾದಿನ ಕೂಲಿಯವರ ಶ್ವಾಸಕೋಶವಲ್ಲ. ಎಲ್‌ಎಕ್ಸ್‌ಆರ್ ಎಬ್ಬಿಸುವ ಔಷಧಗಳು ಯಕೃತ್ತಿನಲ್ಲಿ ಕೊಬ್ಬು ಹೆಚ್ಚಿಸುವುದರಿಂದ ಔಷಧ ಕಂಪನಿಗಳಿಗೆ ಅವುಗಳನ್ನು ಮಾತ್ರೆಯ ಅಂಗಡಿಯವರೆಗೆ ತರಲಾಗಿಲ್ಲ.

ಇನ್ನು ಶುಗರ್. ಹೊಟ್ಟೆಯ ಸುತ್ತ ಬೆಳೆದ ಕೊಬ್ಬಿನೊಳಗೆ ಮ್ಯಾಕ್ರೋಫೇಜುಗಳು ಸೇರಿಕೊಂಡು ಸದಾ ಹೊಗೆಯಾಡುತ್ತಿರುತ್ತವೆ, ಆ ಹೊಗೆಯಿಂದ ಇನ್ಸುಲಿನ್ನಿನ ಕೆಲಸ ಕೆಡುತ್ತದೆ. ಮ್ಯಾಕ್ರೋಫೇಜಿನಲ್ಲಿ ಮಾತ್ರ ಪಿಪಾರ್-ಗ್ಯಾಮಾ ತೆಗೆದ ಇಲಿಗಳಿಗೆ ಇನ್ಸುಲಿನ್ ಒಗ್ಗದೆ ಹೋದದ್ದನ್ನು 2007ರಲ್ಲಿ ತೋರಿಸಲಾಯಿತು. ಮಧುಮೇಹವು ಸಕ್ಕರೆಯ ಜೊತೆಗೆ ರೋಗನಿರೋಧಕ ಕೋಶದ ಕಾಯಿಲೆಯೂ ಹೌದೆಂಬುದು ಅಲ್ಲಿಂದ ಗಟ್ಟಿಯಾಯಿತು. ತಮಾಷೆಯೆಂದರೆ ಈ ಗ್ರಾಹಿಯ ಮೇಲೆ ಕೆಲಸ ಮಾಡುವ ಗ್ಲಿಟಾಜೋನ್ ಮಾತ್ರೆಗಳು ಗ್ರಾಹಿಗಿಂತ ಮೊದಲೇ ಹುಟ್ಟಿದ್ದವು. ಜಪಾನಿನ ಟಕೆಡಾ ಕಂಪನಿ ಅವನ್ನು 1980ರ ದಶಕದಲ್ಲೇ ಮಾಡಿತ್ತು, ಅವು ಪಿಪಾರ್-ಗ್ಯಾಮಾವನ್ನು ಹಿಡಿಯುತ್ತವೆಂದು ತಿಳಿದದ್ದು 1995ರಲ್ಲಿ. ಹೃದಯಕ್ಕೆ ಅಪಾಯವೆಂದು ರೋಸಿಗ್ಲಿಟಾಜೋನ್ ಭಾರತದಲ್ಲಿ 2010ರಲ್ಲಿ ನಿಷೇಧವಾಯಿತು. ಮೂತ್ರಕೋಶದ ಕ್ಯಾನ್ಸರಿನ ಅನುಮಾನದಿಂದ ಪಯೋಗ್ಲಿಟಾಜೋನ್ ಮಾರಾಟವನ್ನು ಕೇಂದ್ರ ಸರ್ಕಾರ 2013ರ ಜೂನ್‌ನಲ್ಲಿ ತಡೆಯಿತು. ವೈದ್ಯರು ತಕರಾರು ತೆಗೆದ ಮೇಲೆ ಜುಲೈ ಕೊನೆಯಲ್ಲಿ ಎಚ್ಚರಿಕೆಯ ಚೀಟಿ ಅಂಟಿಸುವ ಷರತ್ತಿನ ಮೇಲೆ ಬಿಟ್ಟಿತು. ಅದೇ ವರ್ಷ ಅಹಮದಾಬಾದಿನ ಜೈಡಸ್ ಕಂಪನಿಯ ಸರೋಗ್ಲಿಟಜಾರ್ ಮಾರುಕಟ್ಟೆಗೆ ಬಂತು. ಆಲ್ಫಾ, ಗ್ಯಾಮಾ ಎರಡನ್ನೂ ಎಬ್ಬಿಸುವ ಈ ಮಾತ್ರೆಗೆ 2020ರಲ್ಲಿ ಯಕೃತ್ತಿನ ಕೊಬ್ಬಿನ ಕಾಯಿಲೆಗೂ ಭಾರತದಲ್ಲಿ ಒಪ್ಪಿಗೆ ಸಿಕ್ಕಿತು. ಪಯೋಗ್ಲಿಟಾಜೋನ್ ಅಗ್ಗ. ಹಳ್ಳಿಗಾಡಿನ ಶುಗರ್ ಚೀಟಿಯಲ್ಲಿ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಜೊತೆಗೆ ಒಂದೇ ಗುಳಿಗೆಯಾಗಿ ಸೇರಿರುವುದೂ ಉಂಟು.

ಈ ಗುಳಿಗೆ ನುಂಗುವ ಮೈಗೆ ಟಿಬಿ ಬಂದರೆ ಏನಾಗುತ್ತದೆ? ನಮ್ಮ ಜಿಲ್ಲೆಯವರು ಅತಿ ಹೆಚ್ಚು ತಿಳಿದಿರಬೇಕಾದ ಸಂಗತಿ ಇದೇ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಕ್ಷಯದ ಆರು ತಿಂಗಳ ಚಿಕಿತ್ಸೆಯ ಬೆನ್ನೆಲುಬು ರಿಫಾಂಪಿಸಿನ್. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ಇದರಿಂದಲೇ. ಇದು ರಕ್ತಕ್ಕೆ ಸೇರಿದ ಮೇಲೆ ಯಕೃತ್ತಿನಲ್ಲಿರುವ ಪಿಎಕ್ಸ್‌ಆರ್ ಗ್ರಾಹಿಯನ್ನು ಹಿಡಿಯುತ್ತದೆ. ಹೊರಗಿನಿಂದ ಬಂದ ವಿಷ, ಔಷಧಗಳನ್ನು ಗುರುತಿಸಿ ಒಡೆದುಹಾಕುವ ಕಿಣ್ವಗಳನ್ನು ಹೆಚ್ಚಿಸುವುದು ಪಿಎಕ್ಸ್‌ಆರ್‌ ಕೆಲಸ. ರಿಫಾಂಪಿಸಿನ್ ಬಿದ್ದಾಗ ಅದು ಜೋರಾಗಿ ಎದ್ದು, ಜೊತೆಗೆ ನುಂಗಿದ ಬೇರೆ ಮಾತ್ರೆಗಳನ್ನೂ ಒಡೆಯತೊಡಗುತ್ತದೆ. ಪಯೋಗ್ಲಿಟಾಜೋನ್‌ನ ಪ್ರಮಾಣ ರಕ್ತದಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ಗಳೂ ಕಡಿಮೆಯಾಗುತ್ತವೆ. ಗರ್ಭನಿರೋಧಕ ಗುಳಿಗೆ ನುಂಗುವ ಹೆಣ್ಣುಮಕ್ಕಳಿಗೆ ಅದೂ ಕೈಕೊಡಬಹುದು. ಹೀಗಾಗುತ್ತದೆಂದು ವೈದ್ಯರಿಗೆ 1970ರ ದಶಕದಿಂದಲೇ ಗೊತ್ತಿತ್ತು. ಕಾರಣ ತಿಳಿದದ್ದು ಪಿಎಕ್ಸ್‌ಆರ್ ಸಿಕ್ಕ ಮೇಲೆ. ಟಿಬಿಯ ಗುಳಿಗೆ ಶುರುವಾಗಿ ಕೆಲವು ವಾರಕ್ಕೆ, ಪಥ್ಯ ಮಾಡಿದರೂ ಶುಗರ್ ಏರುತ್ತದೆ ಎಂದು ಹಲವರು ಗೊಣಗುವುದರ ಹಿಂದೆ ಈ ಗ್ರಾಹಿಯ ಕೈವಾಡ ಇರಬಹುದು. ಸೋಂಕು ತಾನಾಗಿಯೂ ಶುಗರ್ ಏರಿಸುತ್ತದೆ, ಅದು ಬೇರೆ.

ಏರಿತೆಂದು ಶುಗರಿನ ಡಾಕ್ಟರು ಗುಳಿಗೆಯ ಪ್ರಮಾಣ ಹೆಚ್ಚಿಸುತ್ತಾರೆ. ಆರು ತಿಂಗಳಾಗಿ ಟಿಬಿಯ ಗುಳಿಗೆ ನಿಂತಿತು ಎನ್ನಿ. ಎರಡು ವಾರದ ಹೊತ್ತಿಗೆ ಯಕೃತ್ತು ಮೊದಲಿನಂತಾಗುತ್ತದೆ. ಹೆಚ್ಚಿಸಿದ ಶುಗರ್ ಗುಳಿಗೆ ಈಗ ಪೂರ್ತಿ ಬಲದಲ್ಲಿ ಕೆಲಸ ಮಾಡಿ ಸಕ್ಕರೆ ಕುಸಿದು ಬೀಳಬಹುದು. ಹೊಲದಲ್ಲಿ ಕಣ್ಣು ಕತ್ತಲೆ ಬಂದು ಬಿದ್ದವರನ್ನು ದೆವ್ವ ಮೆಟ್ಟಿತು ಎನ್ನುವ ಮಂದಿ ಇನ್ನೂ ಇದ್ದಾರೆ. ಮೆಟ್‌ಫಾರ್ಮಿನ್ ಯಕೃತ್ತಿನಲ್ಲಿ ಒಡೆಯುವ ಔಷಧವಲ್ಲ, ಇನ್ಸುಲಿನ್ನಿಗೂ ಈ ತೊಡಕಿಲ್ಲ. ಹಾಗಾಗಿ ಎರಡೂ ಬೇನೆ ಇದ್ದವರಲ್ಲಿ ವೈದ್ಯರು ಇವನ್ನೇ ನೆಚ್ಚುವುದು ಹೆಚ್ಚು.

ಬೀದರ್ ಜಿಲ್ಲೆಗೆ ಇನ್ನೊಂದು ಕಷ್ಟವಿದೆ, ಅದು ಭೂಗೋಳದ್ದು. ಔರಾದ್, ಕಮಲನಗರದವರಿಗೆ ಉದಗೀರ್, ಲಾತೂರ್ ಹತ್ತಿರ. ಬೀದರ್ ಪಟ್ಟಣದವರು ಒಂದಿಷ್ಟು ದೊಡ್ಡ ಬೇನೆಯಾದರೆ ಹೈದರಾಬಾದಿನ ಬಸ್ಸು ಹತ್ತುತ್ತಾರೆ. ಟಿಬಿಯ ಔಷಧ ಕರ್ನಾಟಕದ ಸರ್ಕಾರಿ ದವಾಖಾನೆಯಿಂದ, ಶುಗರಿನ ಚೀಟಿ ಮಹಾರಾಷ್ಟ್ರದ ಖಾಸಗಿ ಡಾಕ್ಟರಿಂದ, ಕಣ್ಣು ಮಂಜಾದಾಗ ತೆಲಂಗಾಣದ ಆಸ್ಪತ್ರೆ. ಮೂರು ರಾಜ್ಯ, ಮೂರು ಫೈಲು. ಪ್ರತಿ ಕ್ಷಯ ರೋಗಿಗೂ ಸಕ್ಕರೆ ಪರೀಕ್ಷೆ, ಸಕ್ಕರೆ ರೋಗಿಗೆ ಕ್ಷಯದ ಲಕ್ಷಣಗಳ ವಿಚಾರಣೆ ಆಗಬೇಕೆಂದು ಕೇಂದ್ರ ಸರ್ಕಾರದ 2017ರ ಮಾರ್ಗಸೂಚಿ ಹೇಳುತ್ತದೆ. ಸರ್ಕಾರಿ ಬಾಗಿಲಿನೊಳಗೆ ಹೋದವರಿಗೆ ಅದು ಸಿಗುತ್ತದೆ. ಗಡಿ ದಾಟಿದ ಚೀಟಿಯನ್ನು ಓದುವವರು ಯಾರು? ರೋಗಿಯೇ ಎರಡೂ ಕಾಗದ ಜೊತೆಗೆ ಒಯ್ಯದಿದ್ದರೆ ಯಾರೂ ಇಲ್ಲ.

ಪಿಎಕ್ಸ್‌ಆರ್ ಮ್ಯಾಕ್ರೋಫೇಜಿನಲ್ಲೂ ಇದೆ. ಅಲ್ಲಿ ಅದು ಎದ್ದಾಗ ರಿಫಾಂಪಿಸಿನ್ ಕೋಶದೊಳಗಿನ ಕ್ರಿಮಿಯ ಮೇಲೆ ಪೂರ್ತಿ ಪರಿಣಾಮ ಬೀರದಂತಾಗುತ್ತದೆ ಎಂದು ಚಂಡೀಗಡದ ಅದೇ ತಂಡ 2018ರಲ್ಲಿ ವರದಿ ಮಾಡಿತು. ಔಷಧವೇ ತನ್ನ ದಾರಿಗೆ ಅಡ್ಡ ನಿಲ್ಲುವ ಈ ಸಂಗತಿ ಇನ್ನೂ ಪ್ರಯೋಗಾಲಯದ ಮಟ್ಟದ್ದು. ಯಾರೂ ಇದನ್ನು ಓದಿ ಟಿಬಿಯ ಗುಳಿಗೆ ಬಿಡಬಾರದು. ರಿಫಾಂಪಿಸಿನ್ ಇಲ್ಲದ ಕಾಲದಲ್ಲಿ ಈ ಚಿಕಿತ್ಸೆ ಒಂದೂವರೆ ವರ್ಷ ನಡೆಯುತ್ತಿತ್ತು.

ಇನ್ನೊಂದು ಗ್ರಾಹಿಯ ಹೆಸರು ಎತ್ತದೆ ಮುಂದೆ ಹೋಗಲಾರೆ. ಕಾರ್ಟಿಸೋಲಿನದು. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡುಗಳು ಕೆಲಸ ಮಾಡುವುದು ಇದರ ಮೂಲಕ. ಮೊಣಕಾಲು ನೋವು, ದಮ್ಮು, ಮೈಕೈ ನೋವು ಎಂದು ಹಳ್ಳಿಯಲ್ಲಿ "ಒಂದು ಸೂಜಿ ಮಾಡ್ರಿ" ಎನ್ನುವವರಿಗೆ ಪದವಿಯಿಲ್ಲದ ಕೆಲವರು ಚುಚ್ಚುವುದು ಬಹುತೇಕ ಈ ಸ್ಟೀರಾಯ್ಡನ್ನೇ. ಸಂಜೆಯೊಳಗೆ ಮೈ ಹಗುರವಾಗುತ್ತದೆ, ಡಾಕ್ಟರಿಗೆ ಒಳ್ಳೆಯ ಕೈಗುಣ ಎಂಬ ಹೆಸರು ಬರುತ್ತದೆ. ಪದೇ ಪದೇ ಚುಚ್ಚಿಸಿಕೊಂಡರೆ ಸಕ್ಕರೆ ಏರುತ್ತದೆ, ರೋಗನಿರೋಧ ಕುಗ್ಗುತ್ತದೆ, ಮೈಯೊಳಗೆ ಮಲಗಿದ್ದ ಕ್ಷಯ ಏಳುತ್ತದೆ. ಕೋವಿಡ್ ಕಾಲದಲ್ಲಿ ಇದೇ ಡೆಕ್ಸಾಮೆಥಾಸೋನ್ ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರನೇ ಒಂದರಷ್ಟು ತಗ್ಗಿಸಿದ್ದನ್ನು ಬ್ರಿಟನ್ನಿನ ಪ್ರಯೋಗ 2020ರಲ್ಲಿ ತೋರಿಸಿತ್ತು. ಔಷಧ ಒಂದೇ. ಯಾರಿಗೆ, ಯಾವಾಗ, ಎಷ್ಟು ದಿನ ಎಂಬುದರಲ್ಲಿದೆ ಎಲ್ಲ.

ಮನುಷ್ಯರದಾಯಿತು, ದನಗಳ ಕಡೆ ಒಂದು ನೋಟ ಹರಿಸೋಣ. ಬೀದರಿನ ನಂದಿನಗರದಲ್ಲಿ ಪಶು ವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ಇಡೀ ರಾಜ್ಯಕ್ಕೆ ಒಂದೇ. ಭಾಲ್ಕಿ ತಾಲ್ಲೂಕಿನ ಕಟ್ಟಿತೂಗಾಂವದಲ್ಲಿ ಅದರ ದೇವಣಿ ತಳಿಯ ಕೇಂದ್ರವಿದೆ. ಬಿಳಿ ಮೈಗೆ ಕಪ್ಪು ಮುಖ, ಇಲ್ಲವೇ ಮೈತುಂಬ ಕಪ್ಪು ಬಿಳುಪು ಮಚ್ಚೆ ಇರುವ ದೇವಣಿ ಈ ಸೀಮೆಯದೇ ದನ, ಗಡಿಯಾಚೆಯ ಲಾತೂರ್ ಜಿಲ್ಲೆಯ ದೇವಣಿ ಊರಿನಿಂದ ಹೆಸರು ಬಂದದ್ದು. ಹಾಲು ಸಾಧಾರಣ, ಉಳುಮೆಗೆ ಗಟ್ಟಿ. ಹೆಚ್ಚು ಹಾಲಿನ ಆಸೆಗೆ ಕಟ್ಟಿಕೊಂಡ ಮಿಶ್ರತಳಿಯ ಹಸುಗಳಲ್ಲಿ ಕರು ಹಾಕುವ ಮುಂಚಿನ ಮತ್ತು ನಂತರದ ಮೂರು ಮೂರು ವಾರ ಬಲು ನಾಜೂಕು. ಕೆಚ್ಚಲು ಬೇಡುವಷ್ಟನ್ನು ಮೇವು ಕೊಡಲಾರದೆ ಹಸು ತನ್ನ ಮೈಕೊಬ್ಬನ್ನೇ ಕರಗಿಸುತ್ತದೆ. ರಕ್ತದಲ್ಲಿ ಕೊಬ್ಬಿನಾಮ್ಲ ಏರುತ್ತದೆ, ಬಿಳಿ ರಕ್ತಕಣಗಳು ಮಂಕಾಗುತ್ತವೆ. ಕೆಚ್ಚಲು ಬಾವು, ಮಾಸು ಬೀಳದಿರುವುದು, ಗರ್ಭಕೋಶದ ಕೀವು ಆ ವಾರಗಳಲ್ಲೇ ಹೆಚ್ಚು. ಅಲ್ಲಿಯೂ ಕೊಬ್ಬಿನಾಮ್ಲವನ್ನು ಓದುವುದು ಪಿಪಾರ್ ಕುಟುಂಬವೇ ಆದ್ದರಿಂದ ಪಶುವಿಜ್ಞಾನಿಗಳು ಅದರ ಬೆನ್ನು ಬಿದ್ದಿದ್ದಾರೆ. ರೈತರಿಗೆ ಸದ್ಯಕ್ಕೆ ಬೇಕಾದ ಬುದ್ಧಿ ಹಳೆಯದೇ: ಗಬ್ಬದ ಕೊನೆಯ ದಿನಗಳಲ್ಲಿ ಹಸು ತೀರಾ ಕೊಬ್ಬಬಾರದು, ಈದ ಮೇಲೆ ಮೇವು ಕಡಿಮೆಯಾಗಬಾರದು.

ಕೊಬ್ಬೆಂದ ಮೇಲೆ ಎಣ್ಣೆಯ ಮಾತು ಬಂದೇ ಬರುತ್ತದೆ. ಪಿಪಾರ್‌ಗಳು ಕೊಬ್ಬಿನಾಮ್ಲಗಳಿಗೆ ಓಗೊಡುತ್ತವೆಂದು 1997ರ ಹೊತ್ತಿಗೆ ಸಾಬೀತಾಯಿತು. ಅಗಸಿ ಎಣ್ಣೆಯ ಅರ್ಧಕ್ಕೂ ಹೆಚ್ಚು ಪಾಲು ಒಮೆಗಾ-3 ಜಾತಿಯ ಲಿನೊಲೆನಿಕ್ ಆಮ್ಲ. ಕುಸುಬಿ ಎಣ್ಣೆಯ ಮುಕ್ಕಾಲು ಪಾಲು ಲಿನೊಲಿಕ್ ಆಮ್ಲ. ಎರಡೂ ನಮ್ಮ ಕರಿಮಣ್ಣಿನ ಹಿಂಗಾರಿ ಬೆಳೆಗಳು. ಅಗಸಿ ಹಿಂಡಿ ಇಲ್ಲದ ಜೋಳದ ರೊಟ್ಟಿಯ ಬುತ್ತಿ ಒಂದು ಕಾಲಕ್ಕೆ ಇರಲಿಲ್ಲ. ಈಗ ಹೊಲಗಳನ್ನು ಸೋಯಾ ಹಿಡಿದಿದೆ, ಅಡುಗೆಮನೆಯನ್ನು ಪಾಮ್ ಎಣ್ಣೆಯ ಪಾಕೀಟು. ಇಷ್ಟು ಗೊತ್ತಾದ ಕೂಡಲೇ ಇಮ್ಯುನಿಟಿ ಹೆಚ್ಚಿಸುವ ಗಾಣದೆಣ್ಣೆ ಎಂದು ಬಾಟಲಿಗೆ ಚೀಟಿ ಅಂಟಿಸುವವರು ಹುಟ್ಟಿಕೊಂಡಿದ್ದಾರೆ. ನಾನು ಅಗಸಿ ಹಿಂಡಿಯ ಪಕ್ಷಪಾತಿ, ರುಚಿಗೆ. ಒಂದು ಚಮಚ ಎಣ್ಣೆ ಕ್ಷಯವನ್ನು ತಡೆಯುತ್ತದೆ ಎಂಬುದಕ್ಕೆ ಪುರಾವೆ ಇಲ್ಲ.

ಪ್ರಯೋಗಾಲಯದ ತರ್ಕ ದವಾಖಾನೆಯಲ್ಲಿ ಹೇಗೆ ಮುಗ್ಗರಿಸುತ್ತದೆ ಎನ್ನಲು ವಿಟಮಿನ್ ಡಿ ಒಳ್ಳೆಯ ಉದಾಹರಣೆ. ಅದರದೂ ಇದೇ ಕುಟುಂಬದ ಗ್ರಾಹಿ. ಕ್ಷಯದ ಕ್ರಿಮಿ ಎದುರಾದಾಗ ಮ್ಯಾಕ್ರೋಫೇಜ್ ಈ ಗ್ರಾಹಿಯ ಮೂಲಕವೇ ಕ್ಯಾಥೆಲಿಸಿಡಿನ್ ಎಂಬ ಕ್ರಿಮಿನಾಶಕ ತಯಾರಿಸುತ್ತದೆಂದು 2006ರಲ್ಲಿ ಗೊತ್ತಾದಾಗ ಎಲ್ಲರೂ ಹಿಗ್ಗಿದರು. ಮಂಗೋಲಿಯಾದಲ್ಲಿ 8,851 ಶಾಲಾ ಮಕ್ಕಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ವಿಟಮಿನ್ ಡಿ ನುಂಗಿದ ಮಕ್ಕಳಿಗೂ ನುಂಗದ ಮಕ್ಕಳಿಗೂ ಕ್ಷಯದ ಸೋಂಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ವ್ಯತ್ಯಾಸ ಕಂಡದ್ದು ಹೊಟ್ಟೆ ತುಂಬ ಊಟದಲ್ಲಿ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ದಂಪತಿ ಮುಂದಾಗಿ ನಿಂತು ಜಾರ್ಖಂಡಿನಲ್ಲಿ ನಡೆಸಿದ ‘ರೇಷನ್ಸ್’ ಪ್ರಯೋಗದ ಫಲ 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. 2,800 ಕ್ಷಯ ರೋಗಿಗಳು, ಅವರ ಮನೆಗಳ 10,345 ಮಂದಿ. ಒಂದು ಗುಂಪಿನ ಮನೆಯವರಿಗೆ ತಲೆಗೆ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ವಿಟಮಿನ್ ಗುಳಿಗೆ ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇ 39ರಷ್ಟು, ಪರೀಕ್ಷೆಯಲ್ಲಿ ಕ್ರಿಮಿ ಖಚಿತವಾದ ಶ್ವಾಸಕೋಶದ ಕ್ಷಯ ಶೇ 48ರಷ್ಟು ಇಳಿಯಿತು. ತೊಗರಿ ನಮ್ಮ ಹೊಲದ್ದೇ ಬೆಳೆ. ಯಾವ ಗ್ರಾಹಿ ಎದ್ದಿತು, ಯಾವುದು ಮಲಗಿತು ಎಂದು ಅವರು ಅಳೆಯಲಿಲ್ಲ. ಅಳೆಯುವ ಅಗತ್ಯವೂ ಇರಲಿಲ್ಲ. ಹಸಿದ ಮೈಯಲ್ಲಿ ಕೊಬ್ಬಿನ ಹುಕುಂ ಒಂದು ರೀತಿ, ಅತಿ ತುಂಬಿದ ಮೈಯಲ್ಲಿ ಇನ್ನೊಂದು ರೀತಿ ಹೊರಡುತ್ತದೆ, ಎರಡರಲ್ಲೂ ಕ್ರಿಮಿಗೆ ಸಂದು ಸಿಗುತ್ತದೆ ಎಂಬುದು ನನ್ನ ತಿಳಿವಳಿಕೆ. ಕ್ಷಯ ರೋಗಿಗೆ ನಿಕ್ಷಯ್ ಪೋಷಣ್ ಯೋಜನೆಯಡಿ 2018ರಿಂದ ತಿಂಗಳಿಗೆ 500 ರೂಪಾಯಿ ಸಿಗುತ್ತಿತ್ತು, 2024ರ ನವೆಂಬರ್‌ನಿಂದ 1,000 ಆಗಿದೆ. ಆ ದುಡ್ಡು ಮನೆಯ ಬೇರೆ ಖರ್ಚಿಗೆ ಹೋಗದೆ ಬೇಳೆ, ಮೊಟ್ಟೆ, ಶೇಂಗಾ, ಹಾಲಿಗೆ ಹೋಗಬೇಕು.

ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ಇಳಿಯುತ್ತಿರುವ ತೂಕ ಇದ್ದರೆ ಬೀದರಿನ ಬ್ರಿಮ್ಸ್ ಆಸ್ಪತ್ರೆಗೋ, ಭಾಲ್ಕಿ, ಔರಾದಿನ ತಾಲ್ಲೂಕು ಆಸ್ಪತ್ರೆಗೋ ಹೋಗಿ ಕಫ ಕೊಡಿ, ಅದೇ ದಿನ ಸಕ್ಕರೆಯನ್ನೂ ನೋಡಿಸಿಕೊಳ್ಳಿ. ಸರ್ಕಾರಿ ದವಾಖಾನೆಯಲ್ಲಿ ಎರಡಕ್ಕೂ ದುಡ್ಡಿಲ್ಲ. ಟಿಬಿಯ ಗುಳಿಗೆ ಶುರುವಾದವರು ಶುಗರಿನ ಚೀಟಿಯನ್ನು, ಅದು ಲಾತೂರಿನದಾಗಲಿ ಹೈದರಾಬಾದಿನದಾಗಲಿ, ಟಿಬಿಯ ಡಾಕ್ಟರಿಗೆ ತೋರಿಸಿ. ಟಿಬಿಯ ಕಾರ್ಡನ್ನು ಶುಗರಿನ ಡಾಕ್ಟರಿಗೆ ತೋರಿಸಿ. ಆರು ತಿಂಗಳಾಗಿ ಗುಳಿಗೆ ನಿಂತ ವಾರದಲ್ಲಿ ಮತ್ತೊಮ್ಮೆ ಸಕ್ಕರೆ ನೋಡಿಸಿ. ಸಂದೇಹವಿದ್ದರೆ ಕ್ಷಯ ಸಹಾಯವಾಣಿ 1800-11-6666ಕ್ಕೆ ಕರೆ ಮಾಡಿ, ಕರೆಗೆ ಹಣವಿಲ್ಲ.